ಬೆಂಗಳೂರಿನ ಮೇಲೆ ನನ್ನ ದೂರು

15 ಜೂನ್ 1997, ಭಾನುವಾರ

ಇದು ಇವರ ಆಫೀಸಿನಲ್ಲಿ ಕೊಟ್ಟ ಹೋದ ವರ್ಷದ ಡೈರಿ. ಒಂದು ಹಾಳೆಯನ್ನೂ ಬರೆಯದೆ ಹಾಗೇ ಇಟ್ಟಿದ್ದರು. ಅಚ್ಚಾಗಿರುವ ತಾರೀಖನ್ನು ಹೊಡೆದುಹಾಕಿ ನಾನೇ ಮೇಲೆ ಬರೆದುಕೊಳ್ಳುತ್ತೇನೆ. ಬೆಂಗಳೂರಿನ ಮೇಲೆ ದೂರು ಬರೆಯುವುದಕ್ಕೆ ಇಷ್ಟು ದಪ್ಪದ ಪುಸ್ತಕವಾದರೂ ಬೇಕು.

ಚಿಂತಾಮಣಿಯಿಂದ ಬಂದು ಐದು ದಿನವಾಯಿತು. ಇವರಿಗೆ ಇಂದಿರಾನಗರದ ಇನ್ಶೂರೆನ್ಸ್ ಆಫೀಸಿಗೆ ವರ್ಗವಾಯಿತು, ಜೋಗುಪಾಳ್ಯದಲ್ಲಿ ಬಾಡಿಗೆ ಮನೆ ಸಿಕ್ಕಿತು, ಪಿಯುಸಿ ಮುಗಿಸಿದ ಪದ್ಮಶ್ರೀಗೆ ಹೆಣ್ಣುಮಕ್ಕಳ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿತು. ಅಪ್ಪ ಮಗಳು ಇಬ್ಬರೂ ಕುಣಿದಾಡಿದರು. ನನ್ನನ್ನು ಯಾರೂ ಕೇಳಲಿಲ್ಲ.

ನಾನು ಊಟ ಬಿಟ್ಟೆ. ಎರಡನೆಯ ದಿನಕ್ಕೆ ಇವರು ಇಳಿದು ಬಂದರು.

"ಡಿಸೆಂಬರ್ ಒಂದನೇ ತಾರೀಖಿನ ತನಕ ನೋಡೋಣ ಅಮ್ಮಣ್ಣಿ. ಅವತ್ತು ವಾಪಸ್ ವರ್ಗಕ್ಕೆ ಅರ್ಜಿ ಕೊಡೋಕೆ ಕಡೇ ದಿನ. ಅಷ್ಟರೊಳಗೆ ನಮಗೆ ಏನಾದ್ರೂ ಕೆಟ್ಟದ್ದಾದ್ರೆ ಕಣ್ಣು ಮುಚ್ಕೊಂಡು ಸೈನ್ ಹಾಕ್ತೀನಿ. ಏನೂ ಆಗ್ಲಿಲ್ಲಾಂದ್ರೆ ಪದ್ದು ಡಿಪ್ಲೊಮಾ ಮುಗಿಯೋ ತನಕ ಊರಿನ ಮಾತು ಎತ್ತಬಾರದು."

ಒಪ್ಪಿಕೊಂಡೆ. ಕಳ್ಳರು, ಕಿಸೆಗಳ್ಳರು, ಮಕ್ಕಳನ್ನು ಹಿಡಿಯುವವರು ಎಲ್ಲರೂ ಇರುವ ಊರಲ್ಲಿ ಐದು ತಿಂಗಳು ಏನೂ ಆಗದೆ ಇರುತ್ತದೆಯೇ? ವಾಪಸ್ಸು ಹೋದರೆ ಪದ್ದುವನ್ನು ನನ್ನಣ್ಣನ ಮಗ ಮುನೀಂದ್ರನಿಗೆ ಕೊಟ್ಟು ಮುಗಿಸುವುದೆಂದು ಅಣ್ಣ ಆಗಲೇ ಹೇಳಿದ್ದಾನೆ. ಹುಡುಗ ಒಳ್ಳೆಯವನು. ಪದ್ದು ಮಾತ್ರ ಅವನ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ.

17 ಜೂನ್, ಮಂಗಳವಾರ

ಅಮ್ಮ ನನಗೆ ಕೊಟ್ಟ ಎರಡೆಳೆ ಸರವನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ರಾಗಿ ಡಬ್ಬದ ತಳದಲ್ಲಿಟ್ಟಿದ್ದೇನೆ. ತಾಳಿಯನ್ನು ಅರಿಶಿನ ದಾರಕ್ಕೆ ಕಟ್ಟಿ ರವಿಕೆಯೊಳಗೆ ಬಿಟ್ಟುಕೊಂಡಿದ್ದೇನೆ. ಹೊರಗೆ ಹೋಗುವಾಗ ಹಾಕಿಕೊಳ್ಳುವುದು ಗಿಲೀಟಿನ ಸರ. ಅಣ್ಣ ಎರಡೆಳೆ ಸರವನ್ನೇ ಮಾದರಿಗೆ ತೋರಿಸಿ ಅದನ್ನು ಮಾಡಿಸಿಕೊಟ್ಟ. "ಬೆಂಗಳೂರಲ್ಲಿ ಬಂಗಾರ ಹಾಕ್ಕೊಂಡು ಓಡಾಡಿದ್ರೆ ಸರದ ಜೊತೆ ಕತ್ತೂ ಹೋಗ್ತದೆ" ಅಂದ. ಇವರೇ ಎದುರಿಗೆ ನಿಂತು ನೋಡಿ ವ್ಯತ್ಯಾಸ ಕಂಡುಹಿಡಿಯಲಿಲ್ಲ. ಇನ್ನು ಕಳ್ಳನಿಗೇನು ಗೊತ್ತಾಗುತ್ತದೆ?

ಪದ್ದುವಿನ ಬ್ಯಾಗಿನಲ್ಲಿ ಖಾರದ ಪುಡಿಯ ಪೊಟ್ಟಣ ಇಟ್ಟೆ. ಯಾರಾದರೂ ಹತ್ತಿರ ಬಂದರೆ ಕಣ್ಣಿಗೆ ಎರಚು ಅಂದೆ. "ಕಂಡಕ್ಟರ್ ಬಂದ್ರೂನಾ?" ಅಂದಳು. ಇವಳಿಗೆ ಎಲ್ಲದೂ ತಮಾಷೆ.

20 ಜೂನ್, ಶುಕ್ರವಾರ

ಬೀದಿಯ ಲೆಕ್ಕ ಸಿಕ್ಕಿತು. ಮೂರು ಜನರ ಮೇಲೆ ಕಣ್ಣಿಡಬೇಕು.

ಒಬ್ಬರು ಮನೆಯ ಓನರ್ ಆಂಜನಮ್ಮ. ಆಕೆಯ ಮಾವನ ಕಾಲಕ್ಕೆ ಇಲ್ಲೆಲ್ಲ ಸೊಪ್ಪಿನ ತೋಟವಿತ್ತಂತೆ, ಈಗ ಸಾಲಾಗಿ ಆರು ಬಾಡಿಗೆ ಮನೆ. ಬಾಗಿಲು ತಟ್ಟದೆ ಒಳಗೆ ಬರುತ್ತಾರೆ. ಬಂದವರು ನೇರ ಅಡಿಗೆಮನೆಗೇ ನಡೆದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆ.

ಇನ್ನೊಬ್ಬಳು ಎದುರು ಮನೆಯ ಹಮೀದಾ, ರವಿಕೆ ಹೊಲಿಯುತ್ತಾಳೆ. ಅವಳ ಮೆಷಿನ್ನು ಕಿಟಕಿಗೆ ಎದುರಾಗಿಯೇ ಇದೆ, ನಮ್ಮ ಬಾಗಿಲೂ ಆ ಕಿಟಕಿಗೆ ಎದುರಾಗಿಯೇ ಇದೆ.

ಮೂರನೆಯವನು ಮೂಲೆಯ ಸೈಕಲ್ ಶಾಪಿನ ಬಷೀರ್. ಹಳೆ ಟೈರಿನ ಮೇಲೆ ಕೂತು ಪಂಕ್ಚರ್ ಹಾಕುತ್ತಾನೆ, ಕಣ್ಣು ಮಾತ್ರ ರಸ್ತೆಯ ಮೇಲೆ. ಇವತ್ತು ನಾನು ತರಕಾರಿ ತರುವಾಗ, ಕೇಳದಿದ್ದರೂ ಹೇಳಿದ: "ನಿಮ್ ಮಗಳು ಎಂಟೂ ಹತ್ತಕ್ಕೆ ಹೋದ್ರು ಅಮ್ಮಾ. ನಿಮ್ಮೆಜಮಾನ್ರು ಒಂಬತ್ತೂವರೆಗೆ." ಬಂದು ಹತ್ತು ದಿನಕ್ಕೆ ನಮ್ಮ ಮನೆಯಲ್ಲಿ ಯಾವಾಗ ಯಾರು ಇರುವುದಿಲ್ಲ ಅನ್ನುವುದು ಅವನಿಗೆ ಬಾಯಿಪಾಠವಾಗಿದೆ. ರಾತ್ರಿ ಇವರಿಗೆ ಹೇಳಿದರೆ, "ಗಡಿಯಾರ ಕಟ್ಟೋ ಖರ್ಚು ಉಳೀತು" ಅಂತ ನಗುತ್ತಾರೆ.

2 ಜುಲೈ, ಬುಧವಾರ

ಒಂದು ವಾರ ಪದ್ದುವಿನ ಜೊತೆ ಬಸ್ಸಿನಲ್ಲಿ ನಾನೂ ಹೋಗಿ ಬಂದೆ. ಶಿವಾಜಿನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಆ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ತಮಿಳು ಯಾವುದು ಉರ್ದು ಯಾವುದು ತಿಳಿಯುವುದಿಲ್ಲ, ಎಲ್ಲರೂ ಬೈಯುತ್ತಿರುವ ಹಾಗೇ ಕೇಳಿಸುತ್ತದೆ. ಒಬ್ಬ ಮುದುಕ ನನ್ನ ಚೀಲಕ್ಕೆ ತಾಗಿದ. ಕೊಡೆಯಿಂದ ತಿವಿದೆ. ಪಾಪ, ಅವನಿಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಪದ್ದು ಮೂರು ದಿನ ಮಾತು ಬಿಟ್ಟಳು, ನಾಳೆಯಿಂದ ನೀನು ಬಂದರೆ ನಾನು ಕಾಲೇಜಿಗೇ ಹೋಗುವುದಿಲ್ಲ ಅಂದಳು. ಹೋಗದಿದ್ದರೆ ಒಳ್ಳೆಯದೇ ಅಂತ ಅನ್ನಬೇಕಿತ್ತು. ಯಾಕೋ ಅನ್ನಲಿಲ್ಲ.

11 ಜುಲೈ, ಶುಕ್ರವಾರ

ರವಿಕೆಗೆ ಅಳತೆ ಕೊಡಲು ಹಮೀದಾ ಮನೆಗೆ ಹೋಗಿದ್ದೆ. ಬೇರೆ ದರ್ಜಿ ಹತ್ತಿರದಲ್ಲಿಲ್ಲ, ಇಲ್ಲದಿದ್ದರೆ ಹೋಗುತ್ತಿರಲಿಲ್ಲ. ಟೇಪು ಕತ್ತಿನ ಹಿಂದೆ ಇಟ್ಟವಳು ಪಿಸುಮಾತಿನಲ್ಲಿ ಅಂದಳು: "ಅಕ್ಕಾ, ಇದು ಗಿಲೀಟು ಅಲ್ವಾ? ಬೆವರಿಗೆ ಹಸಿರು ಬಿಡ್ತಾ ಇದೆ."

ಗಂಡನಿಗೆ ಗೊತ್ತಾಗದ್ದು ಇವಳಿಗೆ ಗೊತ್ತಾಯಿತು. ಬಟ್ಟೆ ಅಳೆಯುವವಳಿಗೆ ಸರದ ಗೊಡವೆ ಯಾಕೆ? ಗಿಲೀಟು ಅಂತ ಗೊತ್ತಾದ ಮೇಲೆ ಅಸಲಿ ಎಲ್ಲಿದೆ ಅನ್ನುವ ಯೋಚನೆಯೂ ಬರುತ್ತದೆಯಲ್ಲ. ಮನೆಗೆ ಬಂದವಳೇ ರಾಗಿ ಡಬ್ಬಕ್ಕೆ ಕೈ ಹಾಕಿ ನೋಡಿದೆ. ಇದೆ.

ರವಿಕೆ ಚೆನ್ನಾಗಿ ಹೊಲಿದಿದ್ದಾಳೆ. ಅದು ಬೇರೆ ವಿಷಯ.

30 ಜುಲೈ, ಬುಧವಾರ

ಏನೂ ಆಗಲಿಲ್ಲ.

9 ಸೆಪ್ಟೆಂಬರ್, ಮಂಗಳವಾರ

ಇವತ್ತು ಆಗಿಯೇ ಹೋಯಿತು ಅಂದುಕೊಂಡೆ.

ಮಧ್ಯಾಹ್ನದಿಂದ ಮಳೆ. ಪದ್ದು ಐದೂ ಮುಕ್ಕಾಲಿಗೆ ಬರುವವಳು ಆರೂವರೆಯಾದರೂ ಇಲ್ಲ. ಬಾಗಿಲಲ್ಲಿ ನಿಂತಿದ್ದೆ. ಬಷೀರ್ ತಲೆಗೆ ಗೋಣಿ ಹೊದ್ದುಕೊಂಡು ಬಂದ. "ಪದ್ದು ಇನ್ನೂ ಬಂದಿಲ್ಲ ಅಲ್ವಾ? ಶಿವಾಜಿನಗರದಲ್ಲಿ ನೀರು ನಿಂತಿದೆ, ಬಸ್ಸು ಬಿಡ್ತಾ ಇಲ್ಲ. ಹೆದರ್ಕೋಬೇಡಿ" ಅಂದ. ನಾನು ಹೇಳುವ ಮೊದಲೇ ಅವನು ಲೆಕ್ಕ ಹಾಕಿದ್ದ. ಅವನೇ ಆಟೋ ನಿಲ್ಲಿಸಿದ, ಡ್ರೈವರ್‌ಗೆ ಏನೋ ಹೇಳಿದ. ಆಟೋದಲ್ಲಿ ಒಬ್ಬಳೇ ಕೂತದ್ದು ಜೀವಮಾನದಲ್ಲಿ ಇದೇ ಮೊದಲು. ದಾರಿಯುದ್ದಕ್ಕೂ ಗಿಲೀಟಿನ ಸರದ ನೆನಪೇ ಆಗಲಿಲ್ಲ.

ಸ್ಟ್ಯಾಂಡಿನ ಷೆಡ್ಡಿನ ಕೆಳಗೆ ಪದ್ದು ನಾಲ್ಕು ಜನ ಗೆಳತಿಯರ ಜೊತೆ ನಿಂತು ನಗುತ್ತಿದ್ದಳು. ಕೈಯಲ್ಲಿ ನನ್ನ ಖಾರದ ಪುಡಿಯ ಪೊಟ್ಟಣ, ಪೂರಾ ಖಾಲಿ.

"ಯಾರ ಮೇಲೆ ಎರಚಿದೆ? ಏನು ಮಾಡಿದ ಅವನು? ಹೇಳೇ!"

"ಸೀಬೆಕಾಯಿ ಮೇಲಮ್ಮಾ."

ಜೂನ್‌ನಿಂದ ಸೀಬೆಕಾಯಿಗೂ ಮಾವಿನಕಾಯಿಗೂ ಹಚ್ಚಿಕೊಂಡು ತಿನ್ನುತ್ತಿದ್ದಾರಂತೆ, ಮುಗಿದಾಗಲೆಲ್ಲ ಖಾರದ ಡಬ್ಬದಿಂದ ತಾನೇ ತುಂಬಿಸಿಕೊಳ್ಳುತ್ತಿದ್ದಳಂತೆ. ಬಯ್ಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು. ಒಬ್ಬ ಹುಡುಗಿ ನನ್ನ ಕೈಗೂ ಒಂದು ಹೋಳು ಇಟ್ಟಳು. ತಿಂದೆ. ಖಾರ ಸರಿಯಾಗಿತ್ತು, ಉಪ್ಪು ಕಡಿಮೆ.

5 ಅಕ್ಟೋಬರ್, ಭಾನುವಾರ

ಆಂಜನಮ್ಮನವರ ಹಳೆ ರೇಡಿಯೋ ಆರು ವರ್ಷದಿಂದ ಮೂಕವಾಗಿತ್ತು. ಪದ್ದು ಬಿಚ್ಚಿ ನಡುಮನೆಯ ತುಂಬ ಹರಡಿಕೊಂಡಳು. ಕಾದ ಸೀಸದ ವಾಸನೆಗೆ ನನಗೆ ತಲೆನೋವು. ಸಂಜೆ ಮುಚ್ಚಳ ಹಾಕಿ ತಿರುಗಿಸಿದ್ದೇ ತಡ, ರೇಡಿಯೋ ಕೃಷಿ ಸುದ್ದಿ ಹೇಳಲು ಶುರುಮಾಡಿತು. ಆಂಜನಮ್ಮ ಕಣ್ಣೊರೆಸಿಕೊಂಡು, "ನಮ್ಮೆಜಮಾನ್ರು ಕೇಳ್ತಿದ್ದಿದ್ದು ಇದ್ರಲ್ಲೇ ಕಣಮ್ಮಾ. ಎಂಥಾ ಕೈ ನಿನ್ ಮಗಳ್ದು!" ಅಂದರು. ಪದ್ದುವಿನ ಮುಖ ಅಷ್ಟು ಬೆಳಗಿದ್ದನ್ನು ನಾನು ಊರಿನಲ್ಲಿ ಒಂದು ದಿನವೂ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಯಿತು, ಸಂಕಟವೂ ಆಯಿತು.

ರಾತ್ರಿಯೊಳಗೆ ಬೀದಿಯಿಂದ ಎರಡು ರೇಡಿಯೋ, ಒಂದು ಇಸ್ತ್ರಿ ಪೆಟ್ಟಿಗೆ ಬಂದಿವೆ. ನಮ್ಮ ಮನೆಯೊಳಗೆ ಕಾಲಿಡಲು ಎಲ್ಲರಿಗೂ ಒಂದು ನೆಪ. ಬಂದವರ ಹೆಸರನ್ನೆಲ್ಲ ಬರೆದಿಟ್ಟುಕೊಳ್ಳಬೇಕು.

1 ನವೆಂಬರ್, ಶನಿವಾರ

ಅಣ್ಣ ಹಬ್ಬಕ್ಕೆ ಬಂದು ಹೋದ. ಪದ್ದುಗೆ ಜರಿ ಸೀರೆ ತಂದಿದ್ದ. ಅವಳು ಅದನ್ನು ಮುಟ್ಟಲಿಲ್ಲ.

"ಇನ್ನೊಂದು ತಿಂಗಳು ತಾನೇ? ಮಾಘದಲ್ಲಿ ಮದುವೆ ಇಟ್ಕೊಳ್ಳೋಣ" ಅಂದ. "ಇನ್ನೂ ಏನೂ ಆಗಿಲ್ಲ ಅಣ್ಣ" ಅಂದೆ. "ಆಗೇ ಆಗ್ತದೆ ಬಿಡು. ಇದು ಮನುಷ್ಯರು ಇರೋ ಊರಾ? ಹೆಣ್ಮಗಳು ಸ್ಕ್ರೂಡ್ರೈವರ್ ಹಿಡ್ಕೊಂಡು ಏನು ಮಾಡ್ತಾಳೆ?" ಅಂತ ನಕ್ಕ. ಪದ್ದು ಎದ್ದು ಹಿತ್ತಲಿಗೆ ಹೋದಳು. ನನಗೆ ಎಲ್ಲಿತ್ತೋ ಸಿಟ್ಟು. "ಹೋದ ತಿಂಗಳು ನಿನ್ನ ಕೊಟ್ಟಿಗೆಯಿಂದಲೇ ಎರಡು ಕುರಿ ಹೊಡ್ಕೊಂಡು ಹೋದರಲ್ಲ, ನಿಮ್ಮೂರಲ್ಲಿ ಕಳ್ಳರಿಲ್ವಾ?" ಅಂದುಬಿಟ್ಟೆ.

"ಅದು ಬೇರೆ. ಅವರು ಯಾರು ಅಂತ ನಮಗೆ ಗೊತ್ತು" ಅಂದ. ಆಮೇಲೆ ನನ್ನನ್ನೇ ನೋಡಿ, "ನಿಮ್ಮೂರಾ?" ಅಂದ.

ಬಾಯಿ ತಪ್ಪಿತು ಅಷ್ಟೇ.

17 ನವೆಂಬರ್, ಸೋಮವಾರ

ಕಾರ್ತಿಕ ಸೋಮವಾರ. ಹಲಸೂರಿನ ಸೋಮೇಶ್ವರನ ಗುಡಿಗೆ ಹೋಗಿ ಬಂದೆ, ಇದು ಮೂರನೆಯ ವಾರ. ಮೊದಲನೆಯ ಸೋಮವಾರವೇ ದೇವರ ಮುಂದೆ ಗಿಲೀಟು ಹಾಕಿಕೊಂಡು ನಿಲ್ಲಲು ಮನಸ್ಸು ಒಪ್ಪಲಿಲ್ಲ. ನಮ್ಮ ಅಮ್ಮ ದೀಪ ಹಚ್ಚುವಾಗ ಇದೇ ಎರಡೆಳೆ ಸರ ಹಾಕಿಕೊಳ್ಳುತ್ತಿದ್ದರು. ಅಸಲಿಯನ್ನೇ ಹಾಕಿಕೊಂಡು ಹೋದೆ. ಏನೂ ಆಗಲಿಲ್ಲ. ಸೋಮವಾರ ಮಾತ್ರ ಹಾಕಿಕೊಳ್ಳುವುದು, ಬಂದ ತಕ್ಷಣ ಡಬ್ಬಕ್ಕೆ ಸೇರಿಸುವುದು. ಕಿಟಕಿಯಿಂದ ಹಮೀದಾ ನೋಡಿ, "ಇವತ್ತು ಒಳ್ಳೇ ಸರ!" ಅಂದಳು. ಇವಳ ಕಣ್ಣಿಗೆ ಏನೂ ತಪ್ಪುವುದಿಲ್ಲ.

ಅರ್ಜಿಗೆ ಇನ್ನು ಎರಡು ವಾರ. ಪುಸ್ತಕ ತಿರುವಿ ನೋಡಿದೆ. ದೂರು ಅಂತ ಹೇಳಿಕೊಳ್ಳುವಂಥದ್ದು ಒಂದೂ ಸಿಗಲಿಲ್ಲ.

24 ನವೆಂಬರ್, ಸೋಮವಾರ

ಇವತ್ತು ಬರೆಯುವಂಥದ್ದೇನೂ ಆಗಲಿಲ್ಲ.

25 ನವೆಂಬರ್, ಮಂಗಳವಾರ

ನಿನ್ನೆ ಬರೆದದ್ದು ಸುಳ್ಳು. ಇವತ್ತು ನಿಜ ಬರೆಯುತ್ತೇನೆ.

ನಿನ್ನೆ ಗುಡಿಯಿಂದ ವಾಪಸ್ಸು ಬರುತ್ತಿದ್ದೆ. ಬೆಳಿಗ್ಗೆ ಹತ್ತೂಕಾಲು, ಫಳಫಳ ಬಿಸಿಲು, ರಸ್ತೆ ತುಂಬ ಜನ. ನಮ್ಮ ಬೀದಿಯ ಮೂಲೆಗೆ ಬಂದಾಗ ಹಿಂದಿನಿಂದ ಮೋಟಾರ್ ಬೈಕು ನಿಧಾನವಾಯಿತು. ದಾರಿ ಕೇಳುತ್ತಾರೇನೋ ಅಂತ ತಿರುಗಿದೆ. ಹಿಂದೆ ಕೂತವನು ಸರಕ್ಕೆ ಕೈ ಹಾಕಿ ಎಳೆದ. ಮೊದಲ ಸಲಕ್ಕೆ ಕಿತ್ತು ಬರಲಿಲ್ಲ. ನನ್ನನ್ನೂ ಎಳೆದುಕೊಂಡು ನಾಲ್ಕು ಹೆಜ್ಜೆ ಹೋದ, ಆಮೇಲೆ ಕಿತ್ತಿತು. ಬಿದ್ದೆ. ತಾಳಿ ದಾರದಲ್ಲಿ ಒಳಗಿತ್ತು, ಉಳಿಯಿತು. ಅಮ್ಮನ ಸರ ಹೋಯಿತು.

ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಬಷೀರ್ ರಿಪೇರಿಗೆ ಬಂದಿದ್ದ ಯಾರದೋ ಸೈಕಲ್ ಹತ್ತಿ ಅವರ ಹಿಂದೆ ಹೋದ. ಬೈಕಿನ ಹಿಂದೆ ಸೈಕಲ್ಲು! ಆ ಸೈಕಲ್ಲಿಗೆ ಬ್ರೇಕಿರಲಿಲ್ಲ, ಅದಕ್ಕೇ ರಿಪೇರಿಗೆ ಬಂದಿದ್ದು. ತಿರುವಿನಲ್ಲಿ ಬಿದ್ದು ಮೊಣಕೈ ಕಿತ್ತುಕೊಂಡು ಬಂದ. ಆಂಜನಮ್ಮ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕನ್ನಡ, ತೆಲುಗು, ತಮಿಳು ಮೂರರಲ್ಲೂ ಕಳ್ಳರ ವಂಶವನ್ನು ತೊಳೆದರು. ಹಮೀದಾ ತನ್ನ ದುಪಟ್ಟಾ ಒದ್ದೆ ಮಾಡಿ ಕತ್ತಿನ ಗೀರಿಗೆ ಒತ್ತಿದಳು.

"ಸ್ಟೇಷನ್‌ಗೆ ಹೋಗೋಣ ಅಮ್ಮಾ. ನಾನ್ ನೋಡಿದೀನಿ, ಸಾಕ್ಷಿ ಹೇಳ್ತೀನಿ" ಅಂದ ಬಷೀರ್.

ಹೋಗಿದ್ದರೆ ಪೊಲೀಸರು ಮನೆಗೆ ಬರುತ್ತಿದ್ದರು. ಇವರಿಗೆ ಗೊತ್ತಾಗುತ್ತಿತ್ತು. ಐದು ತಿಂಗಳು ನಾನು ಕಾದಿದ್ದು ಇದಕ್ಕೇ ಅಲ್ಲವೇ? ಅಣ್ಣ ಹೇಳಿದ್ದು ನಿಜವಾಯಿತು, ನಾನು ಹೇಳಿದ್ದು ನಿಜವಾಯಿತು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಂಜೆಗೇ ಅರ್ಜಿಗೆ ಸೈನು ಬೀಳುತ್ತಿತ್ತು.

"ಬೇಡ" ಅಂದೆ. "ಪದ್ದು ಅಪ್ಪನಿಗೆ ಯಾರೂ ಹೇಳಬೇಡಿ. ನಿಮ್ಮ ದಮ್ಮಯ್ಯ."

ಆಂಜನಮ್ಮ ನನ್ನ ಮುಖ ನೋಡಿದರು. ಅರ್ಜಿಯ ವಿಷಯ, ಮುನೀಂದ್ರನ ವಿಷಯ ಅವರಿಗೆ ಪದ್ದುವಿನಿಂದ ಎಲ್ಲ ಗೊತ್ತಿತ್ತಂತೆ. "ಯಾಕಮ್ಮಾ ಹೇಳೋಣ? ನಾವ್ ಏನ್ ನೋಡಿದ್ವಿ?" ಅಂದರು.

ಸಂಜೆ ಇವರು ಬರುವಷ್ಟರಲ್ಲಿ ಗಿಲೀಟು ಕತ್ತಿನಲ್ಲಿತ್ತು. ಸೆರಗು ಹೊದ್ದುಕೊಂಡು ಚಳಿ ಅಂದೆ. ರಾತ್ರಿ ಇವರು ಮಲಗಿದ ಮೇಲೆ ಬಚ್ಚಲಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಅಮ್ಮನದು ಅಂತ ನನ್ನ ಹತ್ತಿರ ಇದ್ದದ್ದು ಅದೊಂದೇ.

26 ನವೆಂಬರ್, ಬುಧವಾರ

ಯೋಚನೆ ಬಿಡುವುದಿಲ್ಲ. ಮಿಕ್ಕ ದಿನ ಗಿಲೀಟು, ಸೋಮವಾರ ಅಸಲಿ. ಇದು ಗೊತ್ತಿದ್ದದ್ದು ಯಾರಿಗೆ? ಹಮೀದಾಗೆ ಒಬ್ಬಳಿಗೇ. ಒದ್ದೆ ದುಪಟ್ಟಾ ಒತ್ತಿದ ಕೈಯೇ ಕಣ್ಮುಂದೆ ಬರುತ್ತದೆ. ಅಷ್ಟು ಬೇಗ ಹೇಗೆ ಓಡಿ ಬಂದಳು? ಥೂ, ಹೀಗೆ ಯೋಚಿಸಬಾರದು. ಆದರೂ ಕೇಳುತ್ತೇನೆ, ಹೇಗೆ ಬಂದಳು?

28 ನವೆಂಬರ್, ಶುಕ್ರವಾರ

ಕೇಳಲು ಹೋದೆ. ರವಿಕೆಯ ಕೊಕ್ಕೆ ಕಿತ್ತಿದೆ ಅಂತ ನೆಪ. ಹಮೀದಾ ಕೊಕ್ಕೆಯನ್ನು ನೋಡಲೂ ಇಲ್ಲ.

"ನನ್ ಮೇಲೆ ಅನುಮಾನ ಅಲ್ವಾ ಅಕ್ಕಾ? ಎರಡು ದಿನದಿಂದ ಈ ಕಡೆ ಕಿಟಕಿ ಮುಚ್ಚಿದೀರಾ."

ನಾನು ಇಲ್ಲ ಅನ್ನಲಿಲ್ಲ. ಸುಳ್ಳು ಹೇಳಲು ಆಗಲಿಲ್ಲ.

"ನಿಮ್ ಸರ ಯಾವತ್ತು ಅಸಲಿ, ಯಾವತ್ತು ನಕಲಿ ಅಂತ ನಾನು ಯಾರಿಗಾದ್ರೂ ಹೇಳ್ಬೇಕಾ? ನೀವೇ ಊರಿಗೆಲ್ಲ ಹೇಳ್ತಾ ಇದ್ರಿ. ಗಿಲೀಟು ಹಾಕಿದ ದಿನ ಕೈ ಬೀಸ್ಕೊಂಡು ಹೋಗ್ತೀರಾ. ಸೋಮವಾರ ಬಂದ್ರೆ ಹತ್ತು ಹೆಜ್ಜೆಗೊಂದು ಸಲ ಕತ್ತು ಮುಟ್ಕೋತೀರಾ, ಹಿಂದೆ ತಿರುಗಿ ನೋಡ್ತೀರಾ. ಕಳ್ಳನಿಗೆ ಇನ್ನೇನು ಬೇಕು?"

ಗುಡಿಯ ಸಾಲಿನಲ್ಲಿ ನಿಂತಾಗಲೂ ಮುಟ್ಟಿಕೊಂಡಿದ್ದೆ. ಮಂಗಳಾರತಿಗೆ ಕೈ ಮುಗಿಯುವ ಮೊದಲು ಮುಟ್ಟಿಕೊಂಡಿದ್ದೆ. ಬೈಕಿನ ಸದ್ದು ಕೇಳಿ ತಿರುಗುವಾಗಲೂ ನನ್ನ ಕೈ ಸರದ ಮೇಲೇ ಇತ್ತು.

ಹಮೀದಾ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳೇನೋ ಅಂದುಕೊಂಡೆ. ಕೈಯಲ್ಲಿ ಚಿಕ್ಕ ಸೀಸೆ ಹಿಡಿದುಕೊಂಡು ಬಂದಳು. ಉಗುರಿಗೆ ಹಚ್ಚುವ ಪಾಲಿಷ್, ಬಣ್ಣವಿಲ್ಲದ್ದು.

"ಬಿಚ್ಚಿ ಕೊಡಿ. ದಿನಾ ಹಾಕ್ಕೊಂಡ್ರೆ ಕಪ್ಪಾಗುತ್ತೆ, ನಿಮ್ಮೆಜಮಾನ್ರಿಗೆ ಗೊತ್ತಾಗುತ್ತೆ. ಎರಡು ಕೋಟ್ ಹಚ್ಚಿದ್ರೆ ಮೂರು ತಿಂಗಳು ತಡ್ಕೊಳ್ಳುತ್ತೆ."

ಮುಖದಲ್ಲಿ ಸಿಟ್ಟು ಹಾಗೇ ಇತ್ತು. ಆ ಸಿಟ್ಟಿನಲ್ಲೇ ಒಂದೊಂದು ಕೊಂಡಿಗೂ ಹಚ್ಚಿದಳು, ಊದಿ ಒಣಗಿಸಿದಳು. ತಪ್ಪಾಯಿತು ಹಮೀದಾ ಅಂದೆ. "ಆಯ್ತು, ಕುತ್ಕೊಳ್ಳಿ. ಇನ್ನೊಂದು ಕೋಟ್ ಇದೆ" ಅಂದಳು.

30 ನವೆಂಬರ್, ಭಾನುವಾರ

ಇವರು ಸೈಕಲ್ ಶಾಪಿನ ಹತ್ತಿರ ಬಷೀರನ ಮೊಣಕೈ ಪಟ್ಟಿ ನೋಡಿ ಏನಾಯಿತೆಂದು ಕೇಳಿದರಂತೆ. "ಸೈಕಲ್‌ನಿಂದ ಬಿದ್ದೆ ಸಾರ್" ಅಂದನಂತೆ. "ಸೈಕಲ್ ಶಾಪಿನವನೇ ಬಿದ್ದರೆ ಹೇಗೆ?" ಅಂತ ಇವರು ಮನೆಗೆ ಬಂದು ನಗುತ್ತಿದ್ದರು. ನಾನೂ ನಕ್ಕೆ. ಇಡೀ ಬೀದಿಗೆ ಗೊತ್ತಿದೆ. ಹಾಲಿನವನಿಗೂ ಗೊತ್ತು, ಇವತ್ತು ಯಾಕೋ ಒಂದು ಕುಡಿತೆ ಹೆಚ್ಚು ಹಾಕಿದ. ಇವರಿಗೊಬ್ಬರಿಗೆ ಗೊತ್ತಿಲ್ಲ.

1 ಡಿಸೆಂಬರ್, ಸೋಮವಾರ

ಬೆಳಿಗ್ಗೆ ತಿಂಡಿಯ ತಟ್ಟೆಯ ಪಕ್ಕದಲ್ಲಿ ಇವರು ಅರ್ಜಿಯನ್ನು ಇಟ್ಟುಕೊಂಡು ಕೂತರು. ಪೆನ್ನಿನ ಮುಚ್ಚಳ ತೆಗೆದಿತ್ತು. ಪದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಬಸ್ಸಿಗೆ ಹೊತ್ತಾಗಿದ್ದರೂ ಹೋಗಿರಲಿಲ್ಲ.

"ಹೇಳು ಅಮ್ಮಣ್ಣಿ. ಮಾತು ಅಂದ್ರೆ ಮಾತು. ಏನಾದ್ರೂ ಆಗಿದ್ಯಾ?"

"ಏನಾಗಿದೆ? ಏನೂ ಆಗಿಲ್ಲ. ಇನ್ನೆರಡು ಇಡ್ಲಿ ಹಾಕ್ಲಾ?"

ಕೈ ಕತ್ತಿಗೆ ಹೋಗಬೇಕೆಂದು ಒದ್ದಾಡಿತು. ಸೌಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇವರು ಪೆನ್ನಿಗೆ ಮುಚ್ಚಳ ಹಾಕಿದರು, ಅರ್ಜಿಯನ್ನು ಮಡಿಸಿ ಅದರ ಮೇಲೆ ಚಟ್ನಿ ಬಟ್ಟಲು ಇಟ್ಟರು.

ಪದ್ದು ಚಪ್ಪಲಿ ಮೆಟ್ಟಿಕೊಂಡವಳು ಮತ್ತೆ ಬಿಚ್ಚಿ ಒಳಗೆ ಬಂದಳು. ಬ್ಯಾಗಿನಿಂದ ಖಾರದ ಪುಡಿಯ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟು ಬೆರಳುಗಳನ್ನು ಮುಚ್ಚಿದಳು. "ಗುಡಿಗೆ ಹೋಗ್ವಾಗ ನೀನೇ ಇಟ್ಕೋಮ್ಮಾ" ಅಂದಳು. ಅವಳ ಕಣ್ಣು ತುಂಬಿತ್ತು. ಯಾರು ಹೇಳಿದರೋ. ಯಾರಾದರೂ ಹೇಳಿಯೇ ಇರುತ್ತಾರೆ, ಈ ಬೀದಿಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಯಾರಿಗೆ ಬರುತ್ತದೆ?

ಬೆಂಗಳೂರು ಕೆಟ್ಟ ಊರೇ. ಆ ಮಾತನ್ನು ನಾನು ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಹಾಡಹಗಲು ಕತ್ತಿಗೆ ಕೈ ಹಾಕುವ ಊರು. ನಾಳೆಯಿಂದ ಪದ್ದು ಬರುವ ಹೊತ್ತಿಗೆ ನಾನೂ ಬಷೀರನ ಅಂಗಡಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ಅವನ ಮೊಣಕೈ ವಾಸಿಯಾಗುವ ತನಕ ಪಂಪು ಹೊಡೆಯಲು ಜನ ಬೇಕು, ರಸ್ತೆಯ ಮೇಲೆ ಕಣ್ಣಿಡಲೂ ಇನ್ನೊಬ್ಬರು ಇದ್ದರೆ ಒಳ್ಳೆಯದು.

ಇನ್ನು ಉಳಿದದ್ದು ಈ ಪುಸ್ತಕ. ಇದು ಇವರ ಕೈಗೆ ಸಿಕ್ಕರೆ ಎಲ್ಲ ಮುಗಿಯಿತು. ಒಲೆಗೆ ಹಾಕೋಣವೆಂದು ಎರಡು ಸಲ ಎದ್ದೆ. ಅಮ್ಮನ ಸರದ ಬಗ್ಗೆ ಬರೆದಿರುವುದು ಇದೊಂದರಲ್ಲೇ ಅಲ್ಲವೇ, ಮನಸ್ಸು ಬರಲಿಲ್ಲ. ರಾಗಿ ಡಬ್ಬದ ತಳದಲ್ಲಿ ಬಟ್ಟೆಯ ಚೀಲ ಖಾಲಿ ಬಿದ್ದಿದೆ. ಇದನ್ನು ಅದರಲ್ಲಿ ಸುತ್ತಿ ಅಲ್ಲೇ ಇಡುತ್ತೇನೆ.